ಫೋನೆತ್ತದ ನಬೀಸಾ

ಕಳೆದ ತಿಂಗಳು ನನ್ನ ಮೇಜಿನ ಮೇಲಿದ್ದ ಇಂಟರ್‌ಕಾಮ್ ಫೋನನ್ನು ಬಿಚ್ಚಿಕೊಂಡು ಹೋದರು. ಚಾಮರಾಜನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಕಡತ ನೋಡಿಕೊಳ್ಳುವವಳು ನಾನು. ಬಿಚ್ಚಲು ಬಂದವನು ಗೋಡೆಯಿಂದ ವೈರು ಎಳೆದು ಮೊಣಕೈಗೆ ಸುತ್ತಿಕೊಳ್ಳುತ್ತ, "ಇದ್ರಲ್ಲಿ ಯಾರ್ ಮಾತಾಡ್ತಿದ್ರು ಮೇಡಂ?" ಎಂದು ಕೇಳಿದ.

"ನಾನು" ಎಂದೆ.

"ಆ ಕಡೆಯಿಂದ?"

ಆ ಕಡೆಯಿಂದ ಯಾರೂ ಇರಲಿಲ್ಲವೆಂಬುದು ಇಡೀ ಕಚೇರಿಗೆ ಗೊತ್ತಿದ್ದ ಸಂಗತಿ. ನಾನು ಸಾಹೇಬರ ಕೋಣೆಗೆ ಇಂಟರ್‌ಕಾಮ್ ಮಾಡಿದರೆ ಅವರು ಅದನ್ನು ಎತ್ತದೆ ಮೊಬೈಲಿನಲ್ಲಿ 'ಏನು?' ಎಂದು ಮೆಸೇಜು ಹಾಕುತ್ತಿದ್ದರು. ಪಕ್ಕದ ಮೇಜಿನ ಸವಿತಾ ಇನ್ನೂ ಒಂದು ಹೆಜ್ಜೆ ಮುಂದೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕೂತು ನನಗೆ ವಾಟ್ಸಾಪ್ ಕಳಿಸುತ್ತಾಳೆ. "ಬಾಯಲ್ಲೇ ಹೇಳಮ್ಮ" ಎಂದರೆ, "ಬಾಯಲ್ಲಿ ಹೇಳಿದ್ರೆ ನೀವು ಇನ್ನೊಂದ್ ಹತ್ತು ಮಾತು ಸೇರಿಸ್ತೀರ ಮೇಡಂ" ಎನ್ನುತ್ತಾಳೆ. ಅವಳ ಮಾತಿನಲ್ಲಿ ಸುಳ್ಳಿಲ್ಲ.

ನಾನು ಫೋನಿನಲ್ಲಿ ಮಾತಾಡುವ ಜಾತಿ. ಈ ಜಾತಿ ಈಗ ಕಡಿಮೆಯಾಗುತ್ತಿದೆ. ಕಚೇರಿಯ ಕೆಲಸಕ್ಕೆಂದು ಕಂಪ್ಯೂಟರಿನಲ್ಲಿ ಕನ್ನಡ ಕುಟ್ಟುವುದನ್ನು ನಾನೂ ಕಲಿತೆ. ಕಾಗದದ ಕಡತ ಹೋಗಿ ಪರದೆಯ ಕಡತ ಬಂದಾಗ ಎಲ್ಲರೂ ನನ್ನನ್ನು ಕರುಣೆಯಿಂದ ನೋಡಿದ್ದರು; ಕಲಿತು ತೋರಿಸಿದೆ. ಆದರೆ ಕುಟ್ಟುವುದೇನಿದ್ದರೂ ಕಚೇರಿಗೆ ಎಂದು ನಾನೇ ಒಂದು ಕಟ್ಟಳೆ ಮಾಡಿಕೊಂಡೆ. ಬೆಳಗಿನಿಂದ ಸಂಜೆವರೆಗೆ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಕುಟ್ಟಿದ ಬೆರಳಲ್ಲೇ ನಮ್ಮವರನ್ನು 'ಹೇಗಿದ್ದೀಯ' ಎಂದು ಕೇಳುವುದು ಸರಿಯಲ್ಲ ಅನ್ನಿಸುತ್ತಿತ್ತು. ನಮ್ಮವರನ್ನು ಬಾಯಲ್ಲಿ ಕೇಳಬೇಕು, ಅವರು ಬಾಯಲ್ಲಿ ಹೇಳಬೇಕು. ನಡುವೆ ಅವರ ಮನೆಯ ಕುಕ್ಕರು ಕೂಗಬೇಕು.

ಕಷ್ಟವೇನೆಂದರೆ, ನಮ್ಮವರು ಯಾರೂ ಎತ್ತುವುದಿಲ್ಲ. ನೀವೂ ಅಷ್ಟೇ ಇರಬಹುದು. ಗುರುತಿಲ್ಲದ ನಂಬರು ಬಂದರೆ ಎತ್ತುವುದಿಲ್ಲ, ಗುರುತಿರುವವರದು ಬಂದರೆ ಇನ್ನೂ ಎತ್ತುವುದಿಲ್ಲ. ಕುದೇರಿನಲ್ಲಿ ಮನೆ ಮಾಡಿಕೊಂಡಿರುವ ನನ್ನ ತಮ್ಮ, ನಾನು ಫೋನು ಮಾಡಿ ಸೋತ ಮೇಲೆ ಒಂದು ಹೆಬ್ಬೆರಳಿನ ಚಿತ್ರ ಕಳಿಸುತ್ತಾನೆ. ಹುಷಾರಾಗಿದ್ದೇನೆ ಎಂದೋ, ಆಮೇಲೆ ಮಾಡುತ್ತೇನೆ ಎಂದೋ, ಬದುಕಿದ್ದೇನೆ ಎಂದೋ ನಾನೇ ಅರ್ಥ ಮಾಡಿಕೊಳ್ಳಬೇಕು. ನನಗೆ ಮದುವೆ ಆಗಲಿಲ್ಲ. ಅದಕ್ಕೊಂದು ಒಳ್ಳೆಯ ಕಥೆ ಇದ್ದಿದ್ದರೆ ಹೇಳುತ್ತಿದ್ದೆ. ಅಪ್ಪನ ಕಾಯಿಲೆ, ತಮ್ಮನ ಓದು, ವರ್ಗಾವಣೆ, ಹೀಗೆ ಒಂದರ ಹಿಂದೊಂದು ಬಂದು, ತಿರುಗಿ ನೋಡುವಷ್ಟರಲ್ಲಿ ಕೇಳುವವರು ನಿಂತಿದ್ದರು. ಬಾಡಿಗೆ ಮನೆ, ಒಂದು ಕೋಣೆ, ಒಂದು ಹಜಾರ. ಸಂಜೆ ಬೀಗ ತೆಗೆದು ಒಳಗೆ ಕಾಲಿಟ್ಟರೆ ನನ್ನ ಚಪ್ಪಲಿ ಬಿಟ್ಟ ಸದ್ದೇ ದೊಡ್ಡದಾಗಿ ಕೇಳುತ್ತದೆ. ಆಗ ಯಾರಿಗಾದರೂ ಫೋನು ಮಾಡಬೇಕು ಅನ್ನಿಸುತ್ತದೆ. ಅಷ್ಟೇ ವಿಷಯ.

ಫೋನಿನಲ್ಲಿ ಕೂಗಿ ಮಾತಾಡುವುದು ನನ್ನ ಇನ್ನೊಂದು ದುರಭ್ಯಾಸ. "ಮೇಡಂ, ಫೋನ್ ಯಾಕೆ, ಕಿಟಕಿ ತೆಗೆದ್ರೆ ಸಾಕು" ಎಂದು ಸವಿತಾ ಆಡಿಕೊಳ್ಳುತ್ತಾಳೆ. ಇದನ್ನು ನನಗೆ ಕಲಿಸಿದವರು ಕುಂಞಾಲಿ ಕಾಕ.

ನಮ್ಮೂರು ತೆರಕಣಾಂಬಿ. ಕಾಕ ಅಲ್ಲಿಗೆ ಕೇರಳದಿಂದ ಬಂದು ನೆಲೆ ನಿಂತ ತರಕಾರಿ ವ್ಯಾಪಾರಿ. ಸಂತೆಯಲ್ಲಿ ಬೀನ್ಸು, ಟೊಮೆಟೊ, ಸೋರೆಕಾಯಿ ಕೊಂಡು ಲಾರಿಗೆ ತುಂಬಿಸಿ ಕಾಡು ದಾಟಿಸುತ್ತಿದ್ದರು. ನಮ್ಮ ಬೀದಿಯಲ್ಲಿ ಫೋನಿದ್ದದ್ದು ಅವರ ಮನೆಯಲ್ಲಿ ಮಾತ್ರ. ಕಲ್ಲಿಕೋಟೆಗೆ ಟ್ರಂಕ್ ಕಾಲ್ ಸಿಕ್ಕಿತೆಂದರೆ ಕಾಕ ಎದ್ದು ನಿಂತು, ಒಂದು ಕಿವಿ ಮುಚ್ಚಿಕೊಂಡು ಕೂಗುತ್ತಿದ್ದರು. ಕಲ್ಲಿಕೋಟೆಯಲ್ಲಿ ಟೊಮೆಟೊ ಬೆಲೆ ಬಿದ್ದುಹೋಗಿದೆ ಎಂಬುದು ನಮ್ಮ ಬೀದಿಯ ಕೊನೆಯ ಮನೆಗೂ ಗೊತ್ತಾಗುತ್ತಿತ್ತು. ದೂರ ಹೆಚ್ಚಿದಷ್ಟೂ ಜೋರಾಗಿ ಕೂಗಬೇಕೆಂದು ನಾನು ನಂಬಿದ್ದು ಆಗಲೇ.

ಕಾಕನ ಮಗಳು ನಬೀಸಾ. ನನ್ನ ಓರಗೆಯವಳು, ನನ್ನ ಬೆಂಚಿನವಳು. ಮನೆಯೊಳಗೆ ಮಲಯಾಳ, ಹೊಸಲು ದಾಟಿದರೆ ಅಪ್ಪಟ ತೆರಕಣಾಂಬಿ. ನಾವಿಬ್ಬರೂ ಏನು ಮಾತಾಡುತ್ತಿದ್ದೆವು ಎಂದು ಕೇಳಿದರೆ ನನಗೆ ಒಂದೂ ನೆನಪಿಲ್ಲ. ಮಾತಾಡುತ್ತಿದ್ದೆವು, ಅದಷ್ಟೇ ಗೊತ್ತು. ಸ್ಕೂಲಿನಿಂದ ಬಂದು ಅವಳ ಮನೆಯ ಜಗುಲಿಯಲ್ಲಿ ನಿಂತು ಮಾತಾಡಿ, ನಮ್ಮ ಮನೆಯವರೆಗೆ ಅವಳು ಬಿಡಲು ಬಂದು ಮಾತಾಡಿ, ಮತ್ತೆ ನಾನು ಅವಳನ್ನು ಬಿಡಲು ಹೋಗಿ ಮಾತಾಡಿ, ಕೊನೆಗೆ ನಮ್ಮವ್ವ, "ನಿಮ್ಗೆ ಬಾಯ್ ನೋಯಕಿಲ್ವಾ ಮುಂಡೇವಾ" ಎಂದು ಬಂದು ಎಳೆದುಕೊಂಡು ಹೋಗಬೇಕಿತ್ತು. ಅವಳ ದನಿ ಸಣ್ಣದು. ಮಾತಿನ ಕೊನೆಗೆ ಅದು ಒಂದಿಷ್ಟು ಮೇಲೆದ್ದು ನಿಲ್ಲುತ್ತಿತ್ತು, ಮುಂದಿನದು ನೀನು ಹೇಳು ಎನ್ನುವ ಹಾಗೆ.

ಒಂಬತ್ತನೇ ತರಗತಿಯ ನಡುವೆ ಕಾಕ ವ್ಯಾಪಾರ ಮುಚ್ಚಿ ಊರಿಗೆ ಹೊರಟುಬಿಟ್ಟರು. ತರಕಾರಿ ಹೊತ್ತು ಹೋಗುತ್ತಿದ್ದ ಲಾರಿಯಲ್ಲೇ ಸಾಮಾನು ಹೋಯಿತು, ನಬೀಸಾಳೂ ಹೋದಳು. ಸುಲ್ತಾನ್ ಬತ್ತೇರಿಯ ಕಡೆ ಎಲ್ಲೋ ಮದುವೆಯಾಯಿತು ಎಂದು ಒಮ್ಮೆ ಕೇಳಿದೆ. ಗುಂಡ್ಲುಪೇಟೆಯಿಂದ ಬತ್ತೇರಿಗೆ ಬಸ್ಸಿದೆ. ಮದ್ದೂರು ದಾಟಿ ಕಾಡಿನಲ್ಲಿ ಒಂದಿಷ್ಟು ಹೊತ್ತು ಸಾಗಿದರೆ ಆಯಿತು. ಹೋಗಬಹುದಿತ್ತು. ವಿಳಾಸವಿಲ್ಲದೆ ಎಲ್ಲಿಗೆಂದು ಹೋಗುವುದು.

ಹೋದ ವರ್ಷ ನಮ್ಮ ಹೈಸ್ಕೂಲಿನವರದೊಂದು ವಾಟ್ಸಾಪ್ ಗುಂಪು ಹುಟ್ಟಿತು. ಈಗಲೂ ಬತ್ತೇರಿಗೆ ತರಕಾರಿ ಸಾಗಿಸುವ ನಾಗರಾಜು ಅಲ್ಲಿನ ಮಂಡಿಯಲ್ಲಿ ನಬೀಸಾಳ ಅಣ್ಣನನ್ನು ಕಂಡು, ಅವಳ ನಂಬರು ತಂದು ಗುಂಪಿಗೆ ಸೇರಿಸಿದ. ಆ ದಿನ ನಾನು ಕಚೇರಿಯಿಂದ ಓಡುತ್ತ ಮನೆಗೆ ಬಂದೆ. ಮುಖ ತೊಳೆದು, ನೀರು ಕುಡಿದು, ಕುರ್ಚಿ ಎಳೆದುಕೊಂಡು ಕೂತು ಫೋನು ಮಾಡಿದೆ. ಗಂಟೆ ಬಾರಿಸಿತು, ಬಾರಿಸಿತು, ತಾನಾಗಿ ನಿಂತಿತು. ಇನ್ನೊಮ್ಮೆ ಮಾಡಿದೆ. ಸ್ವಲ್ಪ ಹೊತ್ತಿನ ಮೇಲೆ ಅವಳಿಂದ ಒಂದು ಚಿತ್ರ ಬಂತು. ಇಬ್ಬನಿ ಬಿದ್ದ ಗುಲಾಬಿ, ಕೆಳಗೆ 'ಗುಡ್ ಮಾರ್ನಿಂಗ್'. ಆಗ ಸಂಜೆ.

ಅಲ್ಲಿಂದ ಮುಂದೆ ಇದೇ ನಡೆಯಿತು. ನಾನು ಸಂಜೆ ಫೋನು ಮಾಡುವುದು, ಅವಳು ಎತ್ತದಿರುವುದು, ಬೆಳಿಗ್ಗೆ ಒಂದು ಚಿತ್ರ. ಹೂವು, ಹಕ್ಕಿ, ಸೈಕಲ್ಲು, ಬಾವಿ, ಮಗು. ನಾನು ನನ್ನ ಬಾಯಲ್ಲೇ ಮಾತು ತುಂಬಿಸಿ ವಾಯ್ಸ್ ಮೆಸೇಜು ಕಳಿಸಿದೆ: "ನಬೀಸಾ, ನಾನ್ ಕಣೆ ಮಾದೇವಿ, ಯಾಕೆ ಮಾತಾಡಲ್ಲ." ಕೇಳಿಸಿಕೊಂಡರೆ ಅಲ್ಲಿನ ಮೈಕಿನ ಚಿತ್ರ ನೀಲಿಯಾಗುತ್ತದಂತೆ, ಸವಿತಾ ಹೇಳಿಕೊಟ್ಟಿದ್ದಳು. ಆಗಲಿಲ್ಲ. ಬದಲಿಗೆ ಒಂದು ಅಳಿಲು ಬಂತು.

ನನಗೂ ಬಿಂಕ ಬಂತು. ದೊಡ್ಡ ಮನೆ ಸೇರಿರಬಹುದು, ಹಳೆಯ ಗೆಳತಿಯೊಡನೆ ಮಾತಾಡಲು ಏನಿದೆ ಅನ್ನಿಸಿರಬಹುದು, ಮರ್ಯಾದೆಗೆ ಒಂದು ಹೂವು ಎಸೆಯುತ್ತಿರಬಹುದು ಅಂದುಕೊಂಡೆ. ಅಷ್ಟರಲ್ಲಿ ನನ್ನ ಫೋನು ಜಾಗವಿಲ್ಲ, ಜಾಗವಿಲ್ಲ ಎಂದು ಗೋಳಾಡತೊಡಗಿತು. ಸವಿತಾ ಅದನ್ನು ಕೈಗೆತ್ತಿಕೊಂಡು, "ಬರೀ ಗುಡ್ ಮಾರ್ನಿಂಗೇ ತುಂಬಿದಾವೆ ಮೇಡಂ, ತೆಗೆದ್ಬಿಡ್ಲಾ?" ಎಂದಳು. "ತೆಗಿ" ಎಂದೆ. ಆದರೂ ಸಂಜೆ ಫೋನು ಮಾಡುವುದನ್ನು ಬಿಡಲಿಲ್ಲ. ಎತ್ತುವುದಿಲ್ಲವೆಂದು ಗೊತ್ತಿದ್ದೂ, ಗಂಟೆ ತಾನಾಗಿ ನಿಲ್ಲುವವರೆಗೆ ಕಿವಿಗಿಟ್ಟುಕೊಂಡು ಕೂತಿರುತ್ತಿದ್ದೆ. ಅದೊಂದು ಚಟ.

ಶ್ರಾವಣದ ಒಂದು ಬೆಳಿಗ್ಗೆ, ಕಚೇರಿಯಲ್ಲಿ ಕೂತಿದ್ದಾಗ, ಅವಳಿಂದ ಬಂದ ಚಿತ್ರದಲ್ಲಿ 'ಗುಡ್ ಮಾರ್ನಿಂಗ್' ಇರಲಿಲ್ಲ. ಚೆಂಡುಹೂವಿನ ಹೊಲ, ಅದರ ನಡುವೆ ತಲೆಗೆ ಬಿಳಿಯ ಬಟ್ಟೆ ಹೊದ್ದ ಒಬ್ಬ ದಪ್ಪ ಹೆಂಗಸು. ನಗುತ್ತಿದ್ದಾಳೆ. ಮುಂದಿನ ಹಲ್ಲಿನ ನಡುವಿನ ಸಂದು ಹಾಗೇ ಇದೆ. ಓಣಂ ಹತ್ತಿರ ಬಂದರೆ ಕೇರಳದವರು ಕಾರು ಮಾಡಿಕೊಂಡು ಗುಂಡ್ಲುಪೇಟೆಯ ಹೂವಿನ ಹೊಲಗಳಲ್ಲಿ ಫೋಟೋ ತೆಗೆಸಿಕೊಳ್ಳಲು ಬರುತ್ತಾರೆ. ನಮ್ಮ ತಾಲ್ಲೂಕಿನವರಿಗೆ ಇದು ಪ್ರತಿ ವರ್ಷದ ನೋಟ. ನಬೀಸಾ ಗುಂಡ್ಲುಪೇಟೆಗೆ ಬಂದಿದ್ದಾಳೆ. ಬಂದೂ ನನಗೊಂದು ಮಾತು ಹೇಳಿಲ್ಲ.

ಅಲ್ಲೇ ಫೋನು ಮಾಡಿದೆ. ಎತ್ತಲಿಲ್ಲ. ಕೋಪಕ್ಕೆ ಕಣ್ಣಲ್ಲಿ ನೀರು ಬಂತು. ಸವಿತಾ ಕೀಲಿಮಣೆಯ ಮೇಲಿನ ಕೈ ತೆಗೆದು ಬಾಯಲ್ಲೇ ಕೇಳಿದಳು, "ಏನಾಯ್ತು ಮೇಡಂ?"

"ಏನಿಲ್ಲ. ಅರ್ಧ ದಿನ ರಜೆ ಬೇಕು."

"ಹೋಗ್ಬನ್ನಿ. ನಾನ್ ನೋಡ್ಕೋತೀನಿ."

ಗುಂಡ್ಲುಪೇಟೆಯ ಬಸ್ಸು ತೆರಕಣಾಂಬಿಯ ಮೇಲೇ ಹೋಗುತ್ತದೆ. ಅಲ್ಲಿ ಮೂಟೆ ಏರಿಸುವವರು, ಇಳಿಯುವವರು, ಕಂಡಕ್ಟರನ ಗೊಣಗು. ಬೇರೆ ದಿನವಾದರೆ ಕಿಟಕಿಯಿಂದ ನಮ್ಮ ಬೀದಿಯ ಕಡೆ ನೋಡುತ್ತಿದ್ದೆ. ಅವತ್ತು ಫೋನು ನೋಡುತ್ತಿದ್ದೆ. ಬಸ್ಸಿನಲ್ಲಿ ಎಲ್ಲರೂ ಅದನ್ನೇ ಮಾಡುತ್ತಿದ್ದರು; ನಾನು ಬೇರೆಯವಳೆಂದು ಯಾರಿಗೂ ಅನ್ನಿಸಿರಲಿಕ್ಕಿಲ್ಲ.

ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ಇಳಿದು ಒಬ್ಬ ಆಟೋದವನಿಗೆ ಚಿತ್ರ ತೋರಿಸಿದೆ. "ಇದ್ಯಾವ ಹೊಲ ಅಂತ ಗೊತ್ತಾಯ್ತದಾ ನೋಡಪ್ಪ."

ನನಗಿಂತ ಹಿರಿಯ. ಕನ್ನಡಕ ಹಣೆಗೇರಿಸಿ ನೋಡಿದ. "ಹೂವಿನ್ ಹೊಲ ಎಲ್ಲಾ ಒಂದೇ ತರ ಇರ್ತವೆ ಕಣಮ್ಮ. ತಡೀರಿ, ಹಿಂದ್ಗಡೆ ನೀರಿನ್ ಟ್ಯಾಂಕ್ ಕಾಣ್ತದಲ್ಲ, ನೀಲಿ ಬಣ್ಣುದ್ದು. ಇದು ಮದ್ದೂರ್ ರೋಡು. ಕೂತ್ಕಳಿ, ಓಗನ."

ದಾರಿಯಲ್ಲಿ ಕೇಳಿದ, "ನೆಂಟ್ರಾ?"

"ಗೆಳತಿ. ಫೋನ್ ಎತ್ತಲ್ಲ."

"ಈಗ ಯಾರ್ ಎತ್ತಾರು ಬುಡಿ. ನಮ್ಮನೇಲೂ ಎತ್ತಕಿಲ್ಲ."

ಹೊಲದ ಬಳಿ ಕಾರುಗಳು ಸಾಲಾಗಿ ನಿಂತಿದ್ದವು. ಹೂವಿನ ಸಾಲುಗಳ ನಡುವೆ ಜನ. ಬದುವಿನ ಮೇಲೆ, ನನಗೆ ಬೆನ್ನು ಮಾಡಿ, ಆ ಬಿಳಿಯ ಬಟ್ಟೆ ಹೊದ್ದ ಹೆಂಗಸು ಕೂತಿದ್ದಳು. "ನಬೀಸಾ" ಎಂದು ಕೂಗಿದೆ. ನನ್ನ ಕೂಗು ನಿಮಗೆ ಗೊತ್ತಲ್ಲ. ಹೊಲದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳೊಬ್ಬಳು ತಿರುಗಲಿಲ್ಲ. ಇನ್ನೊಮ್ಮೆ ಕೂಗಿದೆ. ಪಕ್ಕದಲ್ಲಿ ನಿಂತಿದ್ದ ಹರೆಯದ ಹೆಂಗಸು ನನ್ನತ್ತ ಬಂದಳು. ಮಗಳಿರಬೇಕು, ಕೂಸನ್ನು ಎತ್ತಿಕೊಂಡಿದ್ದಳು.

"ಉಮ್ಮಾಗೆ ಕೇಳಲ್ಲ ಆಂಟಿ" ಎಂದಳು. ಅವಳ ಕನ್ನಡ ತಡವರಿಸುತ್ತಿತ್ತು. "ಕಿವಿ ಹೋಗಿ ತುಂಬ ವರ್ಷ. ನೀವು ಮಾದೇವಿ ಆಂಟಿಯಾ?"

ನಾನು ತಲೆಯಾಡಿಸಿದೆ. ಅವಳು ಹೋಗಿ ತಾಯಿಯ ಭುಜ ಮುಟ್ಟಿ ನನ್ನತ್ತ ತೋರಿಸಿದಳು.

ನಬೀಸಾ ಎದ್ದು ನಿಂತಳು. ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದುಕೊಂಡು, ಮುಖವನ್ನೇ ನೋಡಿ, "ಯಾಕಮ್ಮಿ ಇಂಗ್ ಸೊರ್ಗೋಗಿದ್ದಯ್" ಎಂದಳು. ಮಾತು ಅದೇ, ತೆರಕಣಾಂಬಿಯದೇ. ದನಿ ಮಾತ್ರ ಬೇರೆ. ದಪ್ಪವಾಗಿ, ಜೋರಾಗಿ, ಏರಿಳಿತವಿಲ್ಲದೆ, ಯಾರೋ ದೂರದಲ್ಲಿ ನಿಂತು ಓದಿ ಹೇಳಿದ ಹಾಗೆ.

ನಾನು ಏನೋ ಕೂಗಿ ಹೇಳಿದೆ. ಅವಳು ನನ್ನ ತುಟಿಯ ಮೇಲೆ ಕೈಯಿಟ್ಟಳು. "ಕೂಗ್ಬೇಡ. ಕೂಗ್ದ್ರೆ ಬಾಯಿ ಸೊಟ್ಟ ಆಯ್ತದೆ, ಇನ್ನೂ ತಿಳಿಯಕಿಲ್ಲ. ಮಲಯಾಳ ಆದ್ರೆ ತುಟಿ ನೋಡೇ ತಿಳ್ಕತೀನಿ. ಕನ್ನಡ ತುಟಿ ನೋಡಿ ಶಾನೆ ಕಾಲ ಆಯ್ತು ಕಣಮ್ಮಿ."

ಬದುವಿನ ಮೇಲೆ ಕೂತೆವು. ನಾನು ಬ್ಯಾಗಿನಿಂದ ಫೋನು ತೆಗೆದು, ಕಚೇರಿಗೆ ಮಾತ್ರ ಎಂದು ಕಟ್ಟಿಟ್ಟಿದ್ದ ಬೆರಳುಗಳಲ್ಲಿ ಕನ್ನಡ ಕುಟ್ಟಿದೆ. 'ನನಗೆ ಯಾಕೆ ಹೇಳಲಿಲ್ಲ?'

ಅವಳು ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. ಕನ್ನಡ ಶಾಲೆಯಲ್ಲಿ ಕಲಿತ ಅಕ್ಷರ ಅಲ್ಲಿಗೇ ನಿಂತಿತ್ತು, ಆದರೆ ಅಳಿಸಿರಲಿಲ್ಲ. "ಎಂಗ್ ಹೇಳ್ಲಿ. ಮಲಯಾಳ ಬರಿಯಕ್ಕೆ ಬರಲ್ಲ, ಇಂಗ್ಲೀಸ್ ಬರಲ್ಲ. ಈ ಫೋನಲ್ಲಿ ಕನ್ನಡ ಇಲ್ಲ. ಇವ್ಳ್ ಕೈಲಿ ಹೇಳ್ಸಬೋದಿತ್ತು. ನಾನೇ ಬ್ಯಾಡ ಅಂದೆ. ಕಿವುಡಿ ಅಂದ್ಮೇಲೆ ನೀನು ಫೋನ್ ಮಾಡದು ಬುಟ್ಬುಡ್ತಿದ್ದೆ."

ಕೇಳದ ಫೋನು ಬಂದು ಏನಾಗಬೇಕು ಎಂದು ನನ್ನ ಮುಖದಲ್ಲಿ ಬರೆದಿದ್ದಿರಬೇಕು.

"ಫೋನು ನಡುಗ್ತದಲ್ಲ" ಎಂದಳು. "ನಿನ್ ಹೆಸ್ರು ಬಂದೇಟ್ಗೆ ಕೈಲಿ ಇಟ್ಕತೀನಿ. ನಿಲ್ಲಗಂಟ ಹಂಗೇ ಕೂತಿರ್ತೀನಿ. ಬ್ಯಾರೆಯೋರು ಬೇಗ್ನೆ ಇಟ್ಬುಡ್ತಾರೆ. ನೀನು ಪೂರ್ತಿ ಮಾಡ್ತಿಯೆ."

ಮಗಳು ಕೂಸನ್ನು ಹೂವಿನ ಕಡೆ ಕರೆದುಕೊಂಡು ಹೋದಳು. ನಬೀಸಾ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಮುಂದುವರಿಸಿದಳು. ಕಿವಿ ಹೇಗೆ ಹೋಯಿತೆಂದು ಹೇಳಿದಳು. ಒಮ್ಮೆಲೇ ಅಲ್ಲ, ಮೊದಲು ಹಕ್ಕಿ ಹೋದವು, ಆಮೇಲೆ ಎಳೆ ಮಗಳ ಅಳು, ಆಮೇಲೆ ಮಸೀದಿಯ ಬಾಂಗು. ಕಿವಿಗೆ ಹಾಕುವ ಮೆಷಿನ್ನು ತಂದರಂತೆ. ಅದರಲ್ಲಿ ಮಾತಿಗಿಂತ ಪಾತ್ರೆಯ ಸದ್ದೇ ಹೆಚ್ಚು. ಗಂಡ ಒಳ್ಳೆಯವನು, ಆದರೆ ಕೈಸನ್ನೆ ಮಾಡಿ ಮಾಡಿ ಬೇಸತ್ತು, ಈಗ ಬೇಕಾದಷ್ಟನ್ನೇ ಹೇಳುತ್ತಾನೆ. "ಮನೆ ತುಂಬಾ ಜನ ಅವ್ರೆ. ಎಲ್ಲಾ ನಗ್ತಾರೆ. ಯಾಕ್ ನಕ್ಕ್ರಿ ಅಂತ ಎಷ್ಟ್ ಸಲ ಕೇಳನೆ?"

ಆಮೇಲೆ, ತಟ್ಟನೆ ನೆನಪಾದಂತೆ, "ನಾನ್ ಕಳಿಸ್ತಿದ್ದ ಚಿತ್ರ ನೋಡ್ದಾ? ಹುಡ್ಕಿ ಹುಡ್ಕಿ ಕಳಿಸ್ತಿದ್ದೆ. ಆ ಬಾವಿ ನಮ್ ಬೀದಿ ಬಾವಿ ತರಾನೇ ಇತ್ತಲ್ವಾ? ಆ ಸೈಕಲ್ಲು ನಿಮ್ಮಪ್ಪಾರ್ದ ತರ" ಎಂದಳು.

ಬಾವಿಯೂ ಸೈಕಲ್ಲೂ ನನ್ನ ಫೋನಿನಲ್ಲಿ ಇರಲಿಲ್ಲ. ನಾನು ಹೌದೆಂದು ತಲೆಯಾಡಿಸಿದೆ. ಅವಳಿಗೆ ಸಂತೋಷವಾಯಿತು.

ಅವಳ ಫೋನು ಇಸಕೊಂಡು ಅದಕ್ಕೆ ಕನ್ನಡದ ಕೀಲಿಮಣೆ ಸೇರಿಸಿದೆ. ಎಲ್ಲಿ ಒತ್ತಬೇಕು, ಒತ್ತಕ್ಷರ ಹೇಗೆ ಬರುತ್ತದೆ ಎಂದು ತೋರಿಸಿದೆ. ತಂತ್ರಜ್ಞಾನದ ಲೋಕಕ್ಕೆ ನನ್ನಿಂದ ಸಂದ ಸೇವೆ ಇಷ್ಟೇ. ಅವಳು ತೋರುಬೆರಳಿನಿಂದ, ಒಲೆಯ ಮೇಲಿನ ಬಿಸಿ ಪಾತ್ರೆ ಮುಟ್ಟುವವಳಂತೆ ಒತ್ತಿ ತೆಗೆದು, ಒತ್ತಿ ತೆಗೆದು, 'ಮಾದೆವಿ' ಎಂದು ಬರೆದಳು. ದೀರ್ಘ ಸಿಗಲಿಲ್ಲ. ನಾನು ತಿದ್ದಲಿಲ್ಲ.

ಕತ್ತಲಾಗುವ ಮೊದಲೇ ಕಾಡಿನ ದಾರಿ ದಾಟಬೇಕೆಂದು, ಕಾರಿನ ಬಳಿಯಿದ್ದ ಅವಳ ಅಳಿಯ ಅವಸರ ಮಾಡಿದ. ಕಾರು ಹತ್ತುವಾಗ ನಬೀಸಾ ತಿರುಗಿ ನಿಂತು, "ನೀನ್ ಮಾತಾಡು, ನಾನ್ ನೋಡ್ತೀನಿ" ಎಂದಳು. ಏನಾದರೂ ಹೇಳಬೇಕಲ್ಲ. ನಮ್ಮ ನಡುವೆ ಎಂದೂ ಮಾತಿಗೆ ಬರ ಬಂದದ್ದಿಲ್ಲ. ಅವತ್ತು ಬಂತು. ನಿಧಾನವಾಗಿ, ಸದ್ದಿಲ್ಲದೆ, ತುಟಿ ಅಲ್ಲಾಡಿಸಿ, "ಹೋಗ್ಬಾ" ಎಂದೆ. ಅವಳಿಗೆ ತಿಳಿಯಿತು.

ಆಟೋದವನು ಕಾಯುತ್ತ ನಿಂತಿದ್ದ. "ಸಿಕ್ಕುದ್ರಾ?" ಎಂದ. ಸಿಕ್ಕಳು ಎಂದು ಹೇಳಿ, ಹಿಂದೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡೆ. ಅವನು ಮತ್ತೇನೂ ಕೇಳದೆ ಬಸ್ ನಿಲ್ದಾಣಕ್ಕೆ ಬಿಟ್ಟ.

ಈಗ ನಾವು ಬರೆಯುತ್ತೇವೆ. ಸಂಜೆ ಬೀಗ ತೆಗೆದು ಕೂತ ಮೇಲೆ ನಾನು ಮೊದಲು ಫೋನು ಮಾಡುತ್ತೇನೆ, ತಾನಾಗಿ ನಿಲ್ಲುವವರೆಗೆ. ಆಮೇಲೆ ಅವಳ ಮೆಸೇಜು ಬರುತ್ತದೆ. ಮಾತಾಡಿದಂತೆಯೇ ಬರೆಯುತ್ತಾಳೆ, 'ಏನಮ್ಮಿ ಸಾರು' ಎಂದು. ದೀರ್ಘಗಳು ಈಗ ಬರುತ್ತವೆ, ಅರ್ಕಾವೊತ್ತು ಇನ್ನೂ ಬಂದಿಲ್ಲ. ನಾನು ಉತ್ತರ ಬರೆಯುತ್ತೇನೆ. ಹಿಂದೆ ನಮ್ಮವ್ವ ಬಂದು ಎಳೆದೊಯ್ಯಬೇಕಾಗುವಷ್ಟು ಮಾತಾಡುತ್ತಿದ್ದ ನಾವಿಬ್ಬರು ಈಗ ಒಂದು ಸದ್ದೂ ಇಲ್ಲದೆ, ಕಾಡಿನ ಆಚೆಗೊಬ್ಬಳು ಈಚೆಗೊಬ್ಬಳು, ತಲೆ ಬಗ್ಗಿಸಿ ಕೂತಿರುತ್ತೇವೆ. ನನ್ನ ಮನೆ ಮೊದಲಿಗಿಂತ ನಿಶ್ಶಬ್ದವಾಗಿದೆ. ವಾಯ್ಸ್ ಮೆಸೇಜು ಕಳಿಸುವ ಅಭ್ಯಾಸವೂ ಹೋಯಿತು.

ಒಂದು ಮಾತ್ರ ಮಾಡುತ್ತೇನೆ. ಅವಳು ಬರೆದದ್ದನ್ನು ಗಟ್ಟಿಯಾಗಿ ಓದುತ್ತೇನೆ, ಅವಳ ಹಳೆಯ ದನಿಯಲ್ಲಿ. ಸಣ್ಣದಾಗಿ, ಕೊನೆಗೆ ಒಂದಿಷ್ಟು ಮೇಲೆತ್ತಿ. ಆ ದನಿ ಈಗ ಅವಳ ಗಂಟಲಲ್ಲಿ ಇಲ್ಲ. ಅದು ಹೇಗಿತ್ತೆಂದು ಅವಳಿಗೂ ನೆನಪಿರಲಿಕ್ಕಿಲ್ಲ, ಆ ಸ್ಕೂಲು ಹುಡುಗಿಯ ದನಿ ಗಂಡನಿಗೆ ಮಗಳಿಗೆ ಗೊತ್ತೇ ಇಲ್ಲ. ಅದನ್ನು ಕೇಳಿದವರಲ್ಲಿ ಕಾಕ ಹೋದರು, ನಮ್ಮವ್ವ ಹೋದಳು. ಉಳಿದವರಲ್ಲಿ ಅದನ್ನು ಇನ್ನೂ ಕಿವಿಯಲ್ಲಿಟ್ಟುಕೊಂಡವಳು ನಾನೊಬ್ಬಳೇ ಇರಬೇಕು.

ಮೊನ್ನೆ ಹಾಗೆ ಓದುತ್ತಿದ್ದಾಗ ಮಹಡಿಯಿಂದ ಮನೆಯ ಮಾಲೀಕಳು ಚಿಕ್ಕತಾಯಮ್ಮ ಇಳಿದು ಬಂದು ಕಿಟಕಿಯ ಬಳಿ ನಿಂತರು. ಒಳ್ಳೆಯ ಹೆಂಗಸು; ಅಪರೂಪಕ್ಕೆ ನನ್ನ ಮನೆಗೆ ಯಾರಾದರೂ ಬಂದರೆ ನನಗಿಂತ ಅವರಿಗೇ ಹಿಗ್ಗು.

"ಯಾರೋ ಬಂದಂಗವ್ರೆ, ಮಾದೇವಮ್ಮ?"

"ಹೂಂ, ಗೆಳತಿ" ಎಂದೆ.

"ಕಾಫಿಗೆ ಹಾಲದಾ? ಒಸಿ ತಂದ್ಕೊಡ್ಲಾ?"

"ಬೇಡ ಕಣಮ್ಮ" ಎಂದೆ. "ಒಬ್ರಿಗಾಗೋವಷ್ಟು ಅದೆ."